ಕ್ಯಾಶ್ ಕೌಂಟರಿಗೆ ಮರಳುವ ಮೊದಲು

ಪ್ರಶ್ನೆ: ನನಗೆ 36 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಬ್ಯಾಂಕ್ ಶಾಖೆಯಲ್ಲಿ ಕ್ಯಾಶಿಯರ್. ಮೂರು ತಿಂಗಳ ಹಿಂದೆ, ಪಿಂಚಣಿದಾರರ ಸಾಲು ಬಾಗಿಲವರೆಗೂ ಇದ್ದ ದಿನ, ಕೌಂಟರಿನಲ್ಲೇ ಎದೆ ಡವಡವ ಹೊಡೆದುಕೊಂಡು, ಬೆರಳು ಜೋಮು ಹಿಡಿದು, ಉಸಿರು ಕಟ್ಟಿ ಸತ್ತೇ ಹೋಗುತ್ತೇನೆ ಅನ್ನಿಸಿತು. ಕ್ಯಾಬಿನ್ನಿಗೆ ಒಳಗಿನಿಂದ ಚಿಲಕ ಹಾಕಿರುತ್ತೇವೆ, ಹಣ ತೆರೆದಿಟ್ಟು ಎದ್ದು ಹೋಗುವಂತಿಲ್ಲ. ಆಮೇಲೆ ಇನ್ನೆರಡು ಸಲ ಹೀಗೇ ಆಯಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಸರಿಯಿದೆ. ಮನೋವೈದ್ಯರು ಪ್ಯಾನಿಕ್ ಕಾಯಿಲೆ ಎಂದು ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ ಕೊಟ್ಟಿದ್ದಾರೆ. ಜೊತೆಗೆ ಮೂರು ವಾರ ರಾತ್ರಿ ಗಾಬರಿ ತಗ್ಗಿಸುವ ಕ್ಲೊನಾಜೆಪಾಮ್ ಮಾತ್ರೆ ಕೊಟ್ಟು ನಿಲ್ಲಿಸಿದರು, ಅದರಲ್ಲಿ ಅರ್ಧ ಸ್ಟ್ರಿಪ್ ಉಳಿದಿದೆ. ಎರಡು ತಿಂಗಳಿಂದ ರಜೆಯಲ್ಲಿದ್ದೇನೆ. ಮನೆಯಲ್ಲಿ ಚೆನ್ನಾಗಿಯೇ ಇದ್ದೇನೆ, ಆದರೆ ಬ್ಯಾಂಕಿನ ರಸ್ತೆ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ. ಇನ್ನೊಂದು ತಿಂಗಳು ರಜೆ ಹಾಕಲೇ? ಕೆಲಸವನ್ನೇ ಬಿಟ್ಟುಬಿಡು ಎನ್ನುತ್ತಾರೆ ಮನೆಯವರು. ಮ್ಯಾನೇಜರಿಗೂ ಜೊತೆಯವರಿಗೂ ಏನೆಂದು ಹೇಳಲಿ? ಕೌಂಟರಿನಲ್ಲಿ ಮತ್ತೆ ಹಾಗಾದರೆ?

ಉತ್ತರ: ಮೊದಲು ರಜೆಯ ವಿಷಯ. ಚಿಕಿತ್ಸೆ ಶುರುವಾಗಿ ಎಂಟು ವಾರ ಆಗಿದೆ. ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಗಳು ಎರಡರಿಂದ ನಾಲ್ಕು ವಾರಕ್ಕೆ ಕೆಲಸ ಶುರುಮಾಡಿ ಎಂಟರಿಂದ ಹನ್ನೆರಡು ವಾರದ ಹೊತ್ತಿಗೆ ಬಹುಪಾಲು ಗುಣ ತೋರಿಸುತ್ತವೆ. ನೀವು ಮನೆಯಲ್ಲಿ ಚೆನ್ನಾಗಿದ್ದೀರಿ, ಅಂದರೆ ಮಾತ್ರೆ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಉಳಿದಿರುವುದು ಕೌಂಟರಿನ ಭಯ. ಅದು ಮನೆಯಲ್ಲಿ ಕೂತು ಹೋಗುವಂಥದ್ದಲ್ಲ. ಪೂರ್ತಿ ವಾಸಿಯಾದ ಮೇಲೆ ಹೋಗೋಣ ಎಂದು ಕಾದಷ್ಟೂ ಅದು ಬಲಿಯುತ್ತದೆ. 'ನಾಳೆ ಹೋಗುವುದಿಲ್ಲ' ಎಂದು ತೀರ್ಮಾನಿಸಿದ ಕೂಡಲೇ ಎದೆ ಹಗುರಾಗುತ್ತದಲ್ಲ, ಆ ಹಗುರ ಮಿದುಳಿಗೆ ಒಂದು ಪಾಠ ಕಲಿಸುತ್ತದೆ: ಆ ಜಾಗ ಅಪಾಯದ್ದು, ತಪ್ಪಿಸಿಕೊಂಡಿದ್ದರಿಂದ ಬದುಕಿದೆ. ಆದ್ದರಿಂದ ನಿಮ್ಮ ವೈದ್ಯರು ಒಪ್ಪಿದರೆ ಇನ್ನೊಂದು ತಿಂಗಳು ಬೇಡ. ಎರಡು ವಾರ ತಯಾರಿಗೆ ಇಟ್ಟುಕೊಳ್ಳಿ, ಆಮೇಲೆ ಒಂದು ತಿಂಗಳಲ್ಲಿ ಹಂತಹಂತವಾಗಿ ಕ್ಯಾಬಿನ್ನಿಗೆ ಹೋಗಿ ಕೂರಿ. ಕೆಲಸ ಬಿಡುವ, ವರ್ಗಾವಣೆ ಕೇಳುವ ತೀರ್ಮಾನಗಳನ್ನು ಮರಳಿ ಹೋಗಿ ಮೂರು ತಿಂಗಳಾಗುವವರೆಗೆ ಮುಟ್ಟಬೇಡಿ. ಭಯದಲ್ಲಿದ್ದಾಗ ಬರೆದ ರಾಜೀನಾಮೆ ಪತ್ರವನ್ನು ಆಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ.

ಕೌಂಟರಿನಲ್ಲಿ ನಿಮಗೆ ಆಗಿದ್ದೇನು?

ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಮುಂದಿನ ಯಾವ ಅಭ್ಯಾಸವೂ ಹಿಡಿಯುವುದಿಲ್ಲ. ಗಾಬರಿಯಾದಾಗ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ಉಸಿರಾಟ ಜೋರಾಗುತ್ತದೆ. ಓಡುತ್ತಿದ್ದರೆ ಆ ಉಸಿರು ಬೇಕಾಗುತ್ತಿತ್ತು. ಕುರ್ಚಿಯಲ್ಲಿ ಕೂತಿರುವಾಗ ಬೇಕಿಲ್ಲ, ಆಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಅದು ಕಡಿಮೆಯಾದರೆ ಬೆರಳ ತುದಿ, ತುಟಿಯ ಸುತ್ತ ಜುಮುಜುಮು, ತಲೆ ಹಗುರ, ಎಷ್ಟು ಎಳೆದರೂ ಉಸಿರು ಸಾಲದೆನ್ನುವ ಭಾವ. ಇನ್ನೂ ಜೋರಾಗಿ ಎಳೆಯುತ್ತೀರಿ, ಜೋಮು ಇನ್ನೂ ಹೆಚ್ಚುತ್ತದೆ. ನೋಟು ಎಣಿಸುವ ಬೆರಳೇ ಜೋಮು ಹಿಡಿದರೆ ಪಾರ್ಶ್ವವಾಯುವೇ ಆಯಿತೇನೋ ಅನ್ನಿಸುವುದು ಸಹಜ. ಆದರೆ ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಬಹುಪಾಲು ಇಳಿಯುತ್ತದೆ. ಜನರ ಮುಂದೆ ಮೂರ್ಛೆ ಹೋಗುತ್ತೇನೆಂಬ ಹೆದರಿಕೆಗೂ ಇಲ್ಲೇ ಉತ್ತರವಿದೆ. ಮೂರ್ಛೆಯಲ್ಲಿ ರಕ್ತದೊತ್ತಡ ಬೀಳುತ್ತದೆ, ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಏರುತ್ತದೆ. ಹಾಗಾಗಿ ಪ್ಯಾನಿಕ್‌ನಲ್ಲಿ ಬೀಳುವುದು ಅಪರೂಪ.

ಚಿಲಕ ಹಾಕಿದ ಕ್ಯಾಬಿನ್ ಯಾಕೆ ಇಷ್ಟು ಕಾಡುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ. ಪ್ಯಾನಿಕ್ ಬಂದವರಿಗೆ 'ಬೇಕೆಂದಾಗ ಎದ್ದು ಹೋಗಲಾಗದ ಜಾಗ'ಗಳೇ ಹೆದರಿಕೆ. ಬಸ್ಸಿನ ಕಿಟಕಿ ಸೀಟು, ಮದುವೆ ಮಂಟಪದ ಮುಂದಿನ ಸಾಲು, ಲಿಫ್ಟು ಎಲ್ಲ ಈ ಪಟ್ಟಿಗೇ ಸೇರುತ್ತವೆ. ಕ್ಯಾಶಿಯರ್‌ಗೆ ಅದು ವೃತ್ತಿಯೊಳಗೇ ಇದೆ.

ಸೇರುವ ದಿನ ಯಾವುದು?

ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಮೊದಲ ತಿಂಗಳ ಅರ್ಧ ಭಾಗ ಇದರಲ್ಲೇ ತೀರ್ಮಾನವಾಗುತ್ತದೆ. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಎರಡನೇ ಶನಿವಾರದ ಹಿಂದಿನ ಗುರುವಾರ ಸೇರಿ. ಗುರುವಾರ, ಶುಕ್ರವಾರ ಎರಡೇ ದಿನ ಕೆಲಸ, ಆಮೇಲೆ ಎರಡು ದಿನ ವಿರಾಮ. ಅಷ್ಟು ಹೊತ್ತಿಗೆ ಪಿಂಚಣಿ, ಸಂಬಳದ ನೂಕುನುಗ್ಗಲು ಇಳಿಯುತ್ತಿರುತ್ತದೆ, ಮುಂದಿನ ಒಂದನೇ ತಾರೀಕಿಗೆ ಹೆಚ್ಚುಕಡಿಮೆ ಮೂರು ವಾರ ಸಿಗುತ್ತದೆ. ನಾಲ್ಕನೇ ಶನಿವಾರದ ವಾರ ಸೇರಿದರೆ ಹತ್ತೇ ದಿನಕ್ಕೆ ಆ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಸೋಮವಾರವಂತೂ ಬೇಡ.

ಹದಿನಾಲ್ಕು ದಿನದ ತಯಾರಿ

ಮೊದಲ ದಿನದಿಂದಲೇ ಕೆಲಸದ ದಿನದ ಹೊತ್ತಿಗೆ ಏಳಿ, ಸ್ನಾನ, ತಿಂಡಿ ಆ ವೇಳೆಗೇ ಮುಗಿಯಲಿ. ತಿಂಡಿ ಬಿಡಬೇಡಿ. ಖಾಲಿ ಹೊಟ್ಟೆಯ ನಡುಕಕ್ಕೂ ಭಯದ ನಡುಕಕ್ಕೂ ವ್ಯತ್ಯಾಸ ಆಗ ಗೊತ್ತಾಗುವುದಿಲ್ಲ. ಕಾಫಿಯ ಲೆಕ್ಕ ನೋಡಿ. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದರೆ ಎರಡು ಮೂರು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ ಬೆಳಗಿನ ಒಂದಕ್ಕೆ ತನ್ನಿ. ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ತಲೆನೋವು ಕಾಡುತ್ತದೆ, ಅದನ್ನೇ ಹೊಸ ಕಾಯಿಲೆ ಎಂದು ಗಾಬರಿಯಾಗುತ್ತೀರಿ.

ಉಸಿರಾಟದ ಅಭ್ಯಾಸ ದಿನಕ್ಕೆ ಎರಡು ಸಲ, ಐದೈದು ನಿಮಿಷ, ಮನಸ್ಸು ಶಾಂತವಾಗಿರುವಾಗಲೇ ಮಾಡಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಅಂದರೆ ನಿಮಿಷಕ್ಕೆ ಸುಮಾರು ಆರು ಉಸಿರು. ಎದೆ ಉಬ್ಬಿಸಿ ದೀರ್ಘವಾಗಿ ಎಳೆಯುವುದಲ್ಲ, ಮೆಲ್ಲಗೆ ಬಿಡುವುದು ಮುಖ್ಯ. 'ಡೀಪ್ ಬ್ರೀತ್ ತಗೊಳ್ಳಿ' ಎಂಬ ಸಲಹೆ ಕೇಳಿ ಜೋರಾಗಿ ಎಳೆದು ಜೋಮು ಹೆಚ್ಚಿಸಿಕೊಳ್ಳುವವರು ತುಂಬ ಜನ.

ಇನ್ನೊಂದು ಅಭ್ಯಾಸ ಕೇಳಲು ವಿಚಿತ್ರ, ಆದರೆ ತುಂಬ ಫಲ ಕೊಡುವಂಥದ್ದು. ಪ್ಯಾನಿಕ್‌ನ ಲಕ್ಷಣಗಳನ್ನು ನೀವೇ ಮನೆಯಲ್ಲಿ ತರಿಸಿಕೊಳ್ಳುವುದು. ನಿಂತಲ್ಲೇ ಒಂದು ನಿಮಿಷ ಓಡಿ, ಎದೆ ಬಡಿದುಕೊಳ್ಳಲಿ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿ, ತಲೆ ತಿರುಗಲಿ. ಮೂಗು ಹಿಡಿದು ಎಳನೀರಿನ ಸ್ಟ್ರಾದಿಂದ ಒಂದು ನಿಮಿಷ ಉಸಿರಾಡಿ, ಉಸಿರು ಸಾಲದಂತಾಗಲಿ. ಪ್ರತಿಯೊಂದನ್ನೂ ನಾಲ್ಕೈದು ಸಲ, ದಿನಾ. ಎದೆಬಡಿತ ಬಂದರೂ ಏನೂ ಆಗುವುದಿಲ್ಲವೆಂದು ದೇಹಕ್ಕೆ ರೂಢಿಯಾಗುವುದು ಹೀಗೆ. ಹೃದಯದ ತೊಂದರೆ, ಅಸ್ತಮಾ, ಅಪಸ್ಮಾರ ಇದ್ದವರು ಮತ್ತು ಗರ್ಭಿಣಿಯರು ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಮೂರನೆಯದು ಮೆಟ್ಟಿಲು. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಆಫೀಸಿನ ಹೊತ್ತಿನ ಬಸ್ಸಿನಲ್ಲಿ ಹೋಗಿ ಬರುವುದು ಮೂರು ಇರಬಹುದು. ಶಾಖೆಯ ಎದುರಿನ ಹೋಟೆಲಿನಲ್ಲಿ ಅರ್ಧ ಗಂಟೆ ಕೂರುವುದು ನಾಲ್ಕು. ಒಳಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಗ್ರಾಹಕರ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂರುವುದು ಐದು. ವ್ಯವಹಾರದ ವೇಳೆ ಮುಗಿದ ಮೇಲೆ ಮ್ಯಾನೇಜರನ್ನು ಕಂಡು ಮಾತಾಡುವುದು ಆರು. ಅವರ ಒಪ್ಪಿಗೆ ಪಡೆದು, ಕ್ಯಾಶೆಲ್ಲ ಸೇಫಿಗೆ ಹೋದ ಮೇಲೆ ಖಾಲಿ ಕ್ಯಾಬಿನ್ನಿನಲ್ಲಿ ಚಿಲಕ ಹಾಕಿಕೊಂಡು ಕೂರುವುದು ಎಂಟು. ಒಂದೊಂದು ಮೆಟ್ಟಿಲನ್ನೂ ಮೂರು ನಾಲ್ಕು ಸಲ ಹತ್ತಿ. ಪ್ರತಿ ಸಲವೂ ಭಯ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಿ, ಇದಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ ಹಿಡಿಯಬಹುದು. ಆರಕ್ಕೆ ಏರಿದ್ದಾಗ ಎದ್ದು ಬಂದರೆ ಅಂದಿನ ಶ್ರಮ ಉಲ್ಟಾ ಹೊಡೆಯುತ್ತದೆ. ಹಾಗಾದರೆ ಬೇಸರಿಸದೆ ಮಾರನೇ ದಿನ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಿ.

ಎಷ್ಟೋ ಜನ ಇಷ್ಟೆಲ್ಲ ಮಾಡಿಯೂ ಮುಂದೆ ಹೋಗದೆ ನಿಲ್ಲುವುದು ಆಸರೆಗಳಿಂದ. ಕೈಯಲ್ಲಿ ಸದಾ ನೀರಿನ ಬಾಟಲಿ, ಪರ್ಸಿನಲ್ಲಿ ಮಾತ್ರೆಯ ತುಣುಕು, ಬಾಗಿಲ ಪಕ್ಕದ ಸೀಟು, ಗಂಟೆಗೊಮ್ಮೆ ಮನೆಗೆ ಫೋನು, ದಿನಾ ಗಂಡನೇ ಬೈಕಿನಲ್ಲಿ ಬಿಟ್ಟುಬರುವುದು. ಇವಿದ್ದಾಗ 'ಬಾಟಲಿ ಇದ್ದದ್ದಕ್ಕೆ ಬಚಾವಾದೆ' ಎಂದೇ ಮಿದುಳು ಬರೆದುಕೊಳ್ಳುತ್ತದೆ. ಎಲ್ಲವನ್ನೂ ಒಂದೇ ದಿನ ಕಿತ್ತುಹಾಕಬೇಕಿಲ್ಲ. ಬೈಕಿನ ಡ್ರಾಪನ್ನು ಮೊದಲ ವಾರ ಬಸ್‌ಸ್ಟ್ಯಾಂಡಿನವರೆಗೆ, ಎರಡನೇ ವಾರ ಮನೆ ಬಾಗಿಲವರೆಗೆ ಇಳಿಸಿ. ಮನೆಯವರು ಪ್ರೀತಿಯಿಂದಲೇ ಮಾಡುತ್ತಿರುತ್ತಾರೆ, ಹಾಗಾಗಿ ಯಾಕೆ ಬೇಡವೆನ್ನುತ್ತಿದ್ದೀರೆಂದು ಅವರಿಗೆ ಬಿಡಿಸಿ ಹೇಳಿ.

ಉಳಿದ ಆ ಅರ್ಧ ಸ್ಟ್ರಿಪ್

ಸೇರುವ ದಿನ ಬೆಳಿಗ್ಗೆ ಅರ್ಧ ಕ್ಲೊನಾಜೆಪಾಮ್ ಹಾಕಿಕೊಂಡು ಹೋಗೋಣ ಎಂಬ ಯೋಚನೆ ಬಂದೇ ಬರುತ್ತದೆ. ಬೇಡ. ಅದು ಗಮನವನ್ನೂ ನೆನಪನ್ನೂ ಮಂಕು ಮಾಡುತ್ತದೆ. ನೋಟಿನ ಕೆಲಸದಲ್ಲಿ ಐನೂರರ ಒಂದು ಕಟ್ಟು ಹೆಚ್ಚು ಕೊಟ್ಟರೆ ಐವತ್ತು ಸಾವಿರ ಹೋಯಿತು, ಸಂಜೆ ಟ್ಯಾಲಿಯಲ್ಲಿ ಕೊರತೆ ಬಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾತ್ರೆಯ ಮಂಕಿನಲ್ಲಿ ಕಳೆದ ದಿನದಿಂದ ಮಿದುಳು ಏನೂ ಕಲಿಯುವುದಿಲ್ಲ. ಸ್ಟ್ರಿಪ್ಪನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಕೈಗೇ ಕೊಟ್ಟುಬಿಡಿ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಕ್ಲೊನಾಜೆಪಾಮ್ ಅಥವಾ ಆಲ್ಪ್ರಜೋಲಾಮನ್ನು ತಿಂಗಳಿಗಿಂತ ಹೆಚ್ಚು ಕಾಲ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ವಾರಗಟ್ಟಲೆ ಇಳಿಸುತ್ತಾ ಬಿಡಿಸುತ್ತಾರೆ.

ಎಸ್ಸಿಟಾಲೊಪ್ರಾಮ್ ಬೇರೆ ಜಾತಿಯದು. ಅದು ಚಟ ಹಿಡಿಸುವುದಿಲ್ಲ, ಹಾಗೆಂದು ಚೆನ್ನಾದ ಕೂಡಲೇ ಬಿಡುವಂಥದ್ದೂ ಅಲ್ಲ. ಗುಣವಾದ ಮೇಲೆ ಕನಿಷ್ಠ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಬೇಕು. ಸೇರಿದ ಮೊದಲ ತಿಂಗಳಲ್ಲಿ ಡೋಸ್ ಇಳಿಸುವುದಂತೂ ಕೂಡದು. ನಾಲ್ಕು ದಿನ ಬಿಟ್ಟರೆ ತಲೆಯೊಳಗೆ ಕರೆಂಟ್ ಹೊಡೆದಂತೆ, ತಲೆಸುತ್ತು, ಕಿರಿಕಿರಿ ಆಗಬಹುದು, ಅದನ್ನು ಪ್ಯಾನಿಕ್ ಮರಳಿತು ಎಂದು ತಿಳಿಯುತ್ತೀರಿ. ಹಗಲು ತೂಕಡಿಸಿದರೆ ರಾತ್ರಿಗೆ, ರಾತ್ರಿ ನಿದ್ದೆ ಕೆಟ್ಟರೆ ಬೆಳಗ್ಗೆಗೆ ವೇಳೆ ಬದಲಿಸಲು ವೈದ್ಯರನ್ನು ಕೇಳಿ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಆಸ್ಪಿರಿನ್ ತರುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ, ಅವು ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಮನೆಯವರು ದೇವರಿಗೆ ಹರಕೆ ಹೊರುತ್ತೇವೆ ಅಂದರೆ ಹೊರಲಿ, ನೀವೂ ಹೋಗಿ ಬನ್ನಿ. ಮಾತ್ರೆ ಮಾತ್ರ ನಿಲ್ಲದಿರಲಿ.

ಮ್ಯಾನೇಜರಿಗೆ, ಜೊತೆಯವರಿಗೆ

ಮ್ಯಾನೇಜರ ಹತ್ತಿರ ಕಾಯಿಲೆಯ ಕಥೆಗಿಂತ ಕೆಲಸದ ಕೋರಿಕೆ ಇಡಿ. ವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸುವಾಗ ಚಿಕಿತ್ಸೆಯ ದಿನಾಂಕಗಳು, ಯಾವತ್ತಿನಿಂದ ಕೆಲಸಕ್ಕೆ ಯೋಗ್ಯರು, ಮೊದಲ ನಾಲ್ಕು ವಾರ ಏನು ರಿಯಾಯಿತಿ ಬೇಕು ಎಂಬ ಮೂರೂ ಇರಲಿ. 'ಹಗುರ ಕೆಲಸ ಕೊಡಿ' ಎಂದಷ್ಟೇ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 'ಮೊದಲ ವಾರ ಕ್ಯಾಶ್ ಬೇಡ. ಎರಡನೇ ವಾರದಿಂದ ದಿನಕ್ಕೆ ಎರಡು ಗಂಟೆ ಕ್ಯಾಶ್. ನಾಲ್ಕು ವಾರ ಸೇಫ್ ಕೀಲಿಯ ಹೊಣೆ ಬೇರೆಯವರಿಗೆ' ಎಂದು ಬರೆದರೆ ಅವರು ಡ್ಯೂಟಿ ಹಂಚಬಲ್ಲರು. ಕೀಲಿಯ ಮಾತು ಮರೆಯಬೇಡಿ. ಸೇಫ್ ತೆಗೆಯಲು ಇಬ್ಬರ ಕೀಲಿ ಬೇಕು, ನೀವು ಹತ್ತು ನಿಮಿಷ ತಡವಾದರೆ ಇಡೀ ಶಾಖೆ ಕಾಯಬೇಕು ಎಂಬ ಒತ್ತಡ ಮೊದಲ ವಾರಗಳಲ್ಲಿ ನಿಮಗೆ ಬೇಕಿಲ್ಲ.

ಕಾಮಾಲೆ, ಟೈಫಾಯ್ಡ್ ಎಂದು ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಡುವವರು ಸಿಗುತ್ತಾರೆ. ದಯವಿಟ್ಟು ಬೇಡ. ಮುಂದೆ ಔಷಧದ ಬಿಲ್ಲು, ವಿಮೆ, ಇನ್ನೊಮ್ಮೆ ರಜೆ, ಎಲ್ಲಿ ಬೇಕಾದರೂ ಅದು ತಾಳೆಯಾಗದೆ ನಿಮ್ಮನ್ನೇ ಸಿಕ್ಕಿಸುತ್ತದೆ. ಕಾಯಿಲೆಯ ಹೆಸರು ಬರೆಯಲೇಬೇಕಾದ ನಮೂನೆ ಇದ್ದರೆ ನಿಜವನ್ನೇ ಬರೆಸಿ, ಮುಚ್ಚಿದ ಲಕೋಟೆಯಲ್ಲಿ 'ಗೋಪ್ಯ' ಎಂದು ಬರೆದು ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು ಕೊಡುತ್ತದೆ. ನಿಮ್ಮ ವೈದ್ಯರು ಆ ವಿವರವನ್ನು ಕಚೇರಿಯಿಂದ ಫೋನ್ ಮಾಡಿದವರಿಗೆಲ್ಲ ಹೇಳುವಂತಿಲ್ಲ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಒದಗಿಸಬೇಕು. ಕೆಲವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಮಾಡಿಸಲೇ ಎಂದು ಕೇಳುತ್ತಾರೆ. ಮೀಸಲಾತಿಯಂಥ ಸವಲತ್ತುಗಳಿಗೆ ಅಲ್ಲಿ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಎರಡು ತಿಂಗಳಲ್ಲಿ ಸುಧಾರಿಸುತ್ತಿರುವ ನಿಮ್ಮಂಥವರಿಗೆ ವೈದ್ಯರ ಶಿಫಾರಸಿನ ದಾರಿಯೇ ಸರಿ.

ಜೊತೆಯವರು 'ಏನಾಗಿತ್ತು?' ಎಂದು ಮೊದಲ ದಿನವೇ ಕೇಳುತ್ತಾರೆ. ಹೆಚ್ಚಿನವರದು ಕಾಳಜಿ. ಉತ್ತರ ಮೊದಲೇ ಬಾಯಿಪಾಠ ಮಾಡಿಕೊಳ್ಳಿ: 'ಆರೋಗ್ಯ ಸರಿಯಿರಲಿಲ್ಲ ಕಣ್ರೀ, ಟ್ರೀಟ್‌ಮೆಂಟ್ ತಗೊಂಡೆ, ಈಗ ಪರವಾಗಿಲ್ಲ. ನಿಮ್ಮ ಮಗಳ ಸಿಇಟಿ ಏನಾಯ್ತು?' ಇಷ್ಟೇ ಸಾಕು. ಕನ್ನಡಿಯ ಮುಂದೆ ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ, ಅಲ್ಲಿ ತಡವರಿಸುವುದಿಲ್ಲ. ನಂಬಿಕೆಯ ಒಬ್ಬರಿಗೆ ಮಾತ್ರ ಪೂರ್ತಿ ಹೇಳಿ. ಅವರಿಂದ ಬೇಕಾದ್ದು ಎರಡೇ: ನೀವು ಸನ್ನೆ ಮಾಡಿದಾಗ ಹತ್ತು ನಿಮಿಷ ಸಾಲನ್ನು ತಮ್ಮ ಕೌಂಟರಿಗೆ ಕರೆದುಕೊಳ್ಳುವುದು, ಮತ್ತು ಗಂಟೆಗೊಮ್ಮೆ 'ಹುಷಾರಾಗಿದ್ದೀರಾ?' ಎಂದು ಕೇಳದಿರುವುದು.

ಮೊದಲ ನಾಲ್ಕು ವಾರ

ಸೇರಿದ ಎರಡು ದಿನ ಮತ್ತು ಮುಂದಿನ ವಾರದ ಆರಂಭದಲ್ಲಿ ಪಾಸ್‌ಬುಕ್, ಕೆವೈಸಿ, ಚೆಕ್ ಕ್ಲಿಯರಿಂಗ್‌ನಂಥ ಕೆಲಸ ಮಾಡಿ. ಸಂಜೆ ಕ್ಯಾಶ್ ಸೇಫಿಗೆ ಹೋದ ಮೇಲೆ ಹದಿನೈದು ನಿಮಿಷ ಕ್ಯಾಬಿನ್ನಿನಲ್ಲಿ ಕೂತು ಬನ್ನಿ. ಎರಡನೇ ವಾರದ ಮಧ್ಯದಿಂದ ಎರಡು ಗಂಟೆ ಕ್ಯಾಶ್. ಅದೂ ಬೆಳಗಿನ ಮೊದಲ ಎರಡು ಗಂಟೆ ತೆಗೆದುಕೊಳ್ಳಿ, ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಬೆಳಗಿಡೀ ಅದನ್ನೇ ನೆನೆದು ಬೇಯುತ್ತೀರಿ. ಮೂರನೇ ವಾರ ಅರ್ಧ ದಿನ. ಒಂದನೇ ತಾರೀಕಿನ ಸಾಲಿನ ಹೊತ್ತಿಗೆ, ಹೆಚ್ಚುಕಡಿಮೆ ನಾಲ್ಕನೇ ವಾರ, ಪೂರ್ತಿ ದಿನ.

ಮೊದಲ ವಾರ ಚೆನ್ನಾಗಿ ಹೋದರೆ ಅದೇ ಉತ್ಸಾಹದಲ್ಲಿ 'ನನಗೇನೂ ಬೇಡ, ಪೂರ್ತಿ ಕ್ಯಾಶ್ ಕೊಡಿ' ಎನ್ನಬೇಡಿ. ಮೊದಲ ವಾರ ಎಲ್ಲರೂ ನಿಮ್ಮನ್ನು ಮೆತ್ತಗೆ ನೋಡಿಕೊಳ್ಳುತ್ತಾರೆ, ಕಷ್ಟ ಹೆಚ್ಚಾಗಿ ಎರಡನೇ, ಮೂರನೇ ವಾರದಲ್ಲಿ ಬರುತ್ತದೆ. ಆಗ ದಣಿವು ಸೇರಿಕೊಂಡಿರುತ್ತದೆ, ಉಳಿದವರೂ ಮಾಮೂಲಿಗೆ ಮರಳಿರುತ್ತಾರೆ. ಅದು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಕುಸಿಯುವುದಿಲ್ಲ.

ಎಣಿಕೆಯ ಬಗ್ಗೆ ಒಂದು ನಿಯಮ ಹಾಕಿಕೊಳ್ಳಿ: ಯಂತ್ರದಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ, ಸ್ಲಿಪ್ಪಿನ ನೋಟುಗಳ ವಿವರಕ್ಕೆ ತಾಳೆ, ಮುಗಿಯಿತು. ಆತಂಕದಲ್ಲಿ ಕೈ ಮೂರನೇ ಸಲ, ನಾಲ್ಕನೇ ಸಲ ಎಣಿಸಲು ಹೋಗುತ್ತದೆ. ಆಗ ಸಾಲು ಬೆಳೆಯುತ್ತದೆ, ಹಿಂದಿನಿಂದ ಯಾರೋ 'ಬೇಗ ಮಾಡಿ ಮೇಡಂ' ಎನ್ನುತ್ತಾರೆ, ಆ ಒತ್ತಡದಲ್ಲೇ ನಿಜವಾದ ತಪ್ಪಾಗುತ್ತದೆ.

ಮತ್ತೆ ಬಂದರೆ

ಬರಬಹುದು. ಬಂದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ. ಕೈಯಲ್ಲಿರುವ ಗ್ರಾಹಕರ ವ್ಯವಹಾರ ಮುಗಿಸಿ, ಹೊಸದು ತೆಗೆದುಕೊಳ್ಳಬೇಡಿ. ಡ್ರಾಯರಿಗೆ ಬೀಗ, ಕಂಪ್ಯೂಟರ್ ಪರದೆ ಲಾಕ್. ಈ ಎರಡನ್ನು ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಕೈಯಾಡಿಸಿ ರೂಢಿ ಮಾಡಿಕೊಂಡಿರಿ, ಆಗ 'ಹಣ ಬಿಟ್ಟು ಏಳಲಾರೆ' ಎಂಬ ಹೆದರಿಕೆಯೇ ಅರ್ಧ ಕಡಿಮೆಯಾಗುತ್ತದೆ. ಪಾದ ನೆಲಕ್ಕೆ ಊರಿ, ಭುಜ ಇಳಿಬಿಡಿ, ಗಡಿಯಾರ ನೋಡಿ ವೇಳೆ ಬರೆದುಕೊಳ್ಳಿ. 'ಇದು ಆ ಅಲೆಯೇ, ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ' ಎಂದುಕೊಂಡು ಉಸಿರು ನಿಧಾನವಾಗಿ ಬಿಡಿ. ಅದನ್ನು ಓಡಿಸಲು ಹೆಣಗಬೇಡಿ, ಹೆಣಗಿದಷ್ಟೂ ಏರುತ್ತದೆ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯವೂ ಬೇಡ. ತೀರಾ ತಡೆಯಲಾಗದಿದ್ದರೆ ಜೊತೆಯವರಿಗೆ ಸನ್ನೆ ಮಾಡಿ ಹೊರಗೆ ಬನ್ನಿ, ಮುಖ ತೊಳೆಯಿರಿ, ಹತ್ತು ನಿಮಿಷದೊಳಗೆ ಅದೇ ಕುರ್ಚಿಗೆ ಮರಳಿ. ಮನೆಗೆ ಮಾತ್ರ ಹೋಗಬೇಡಿ. ಅಂದು ಇನ್ನು ಮೂವರೇ ಗ್ರಾಹಕರನ್ನು ನೋಡಿದರೂ ಸರಿ, ಆ ಕುರ್ಚಿಯಿಂದಲೇ ದಿನ ಮುಗಿಯಬೇಕು.

ಎಲ್ಲವನ್ನೂ ಪ್ಯಾನಿಕ್ ಎಂದುಕೊಳ್ಳುವುದೂ ತಪ್ಪು. ಮೆಟ್ಟಿಲು ಹತ್ತಿದಾಗ ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ನೋವು ಹಬ್ಬಿದರೆ, ನಿಜವಾಗಿ ಪ್ರಜ್ಞೆ ತಪ್ಪಿದರೆ, ಒಂದೇ ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿಸಿ. ಬದುಕೇ ಬೇಡವೆಂಬ ಯೋಚನೆ ಬಂದರೆ ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಮೇಲಿನ ಮೆಟ್ಟಿಲಿನ ಅಭ್ಯಾಸ ಒಬ್ಬರೇ ಮಾಡಲು ಆಗದಿದ್ದರೆ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲೂ ಈ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಭೇಟಿ ಬೇಕಾಗುತ್ತದೆ.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ದಿನಕ್ಕೊಂದು ಸಾಲು: ಕ್ಯಾಬಿನ್ನಿನಲ್ಲಿ ಎಷ್ಟು ಹೊತ್ತು ಕೂತಿರಿ, ಭಯದ ಅಂಕ ಎಷ್ಟಕ್ಕೆ ಏರಿ ಎಷ್ಟಕ್ಕೆ ಇಳಿಯಿತು, ಹಿಂದಿನ ರಾತ್ರಿ ಎಷ್ಟು ನಿದ್ದೆ. ಆರನೇ ವಾರ ಅದನ್ನು ವೈದ್ಯರ ಮುಂದಿಡಿ. ಕೂತ ಹೊತ್ತು ಹೆಚ್ಚುತ್ತಿದ್ದರೆ, ಅಂಕ ಇನ್ನೂ ಐದರ ಮೇಲೇ ಇದ್ದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ, ಅಂಕ ಕೂತ ಹೊತ್ತಿಗಿಂತ ತಡವಾಗಿಯೇ ಇಳಿಯುವುದು. ಹೊತ್ತೂ ಹೆಚ್ಚದೆ ಅಂಕವೂ ಇಳಿಯದಿದ್ದರೆ ಡೋಸ್ ಬದಲಿಸುವ ಅಥವಾ ಮಾತಿನ ಚಿಕಿತ್ಸೆ ಸೇರಿಸುವ ತೀರ್ಮಾನವನ್ನು ಅವರು ಆ ಸಾಲುಗಳನ್ನು ನೋಡಿಯೇ ಮಾಡುತ್ತಾರೆ.